‘ಬ್ಯಾಸರ’ಕ್ಕೆ ಎಷ್ಟು ಅಂಕ?

ಜಗಳೂರು ಕಡೆಯ ಹೆಂಗಸು, ಐವತ್ತರ ಆಸುಪಾಸು. (ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.) ಪ್ರಶ್ನಾವಳಿ ಮುಂದಿಟ್ಟುಕೊಂಡು ಕೇಳಿದೆ: “ಹೋದ ಎರಡು ವಾರದಲ್ಲಿ ಎಷ್ಟು ದಿನ ಬೇಸರ ಆಗಿತ್ತಮ್ಮಾ?”

“ಬ್ಯಾಸರ ಯಾಕ್ರೀ ಆಗ್ತೈತಿ? ಮೈತುಂಬ ಕೆಲಸ ಐತಲ್ಲ.”

ನಾನು ಕೇಳಿದ್ದು ದುಃಖದ ಬೇಸರ, ಅವರಿಗೆ ಕೇಳಿಸಿದ್ದು ಹೊತ್ತು ಹೋಗದ ಬೇಸರ. ಹಾಳೆಯ ಮೇಲೆ ಸೊನ್ನೆ ಬಿತ್ತು. ಐದು ನಿಮಿಷ ಬಿಟ್ಟು ಅವರೇ ಬಾಯಿಬಿಟ್ಟರು: “ಎದಿ ಮ್ಯಾಲೆ ಕಲ್ಲು ಹೇರಿದಂಗ ಆಗ್ತೈತ್ರೀ. ಅನ್ನ ಗಂಟಲಾಗ ಇಳಿಯಂಗಿಲ್ಲ.”

ನನ್ನ ಕೈಲಿದ್ದದ್ದು ಪಿಎಚ್‌ಕ್ಯೂ-9. ಖಿನ್ನತೆಯ ಸುಳಿವು ಹುಡುಕುವ ಪ್ರಶ್ನಾವಳಿ: ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಖಿನ್ನತೆ ಇರಬಹುದೇನೋ ಎಂದು ಮುಂದಕ್ಕೆ ವಿಚಾರಿಸುತ್ತೇವೆ. ಒಳ್ಳೆಯ ಸಾಧನವೇ, ದಾವಣಗೆರೆಯ ನನ್ನ ಕೊಠಡಿಯಲ್ಲಿ ದಿನಾ ಬಳಸುತ್ತೇನೆ. ಆದರೆ 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ಆಗ ನೀರು 130 ಅಡಿ ಅಂದರೆ ಹಿರಿಯೂರಿನವರಿಗೂ ಚಳ್ಳಕೆರೆಯವರಿಗೂ ಅದು ಒಂದೇ 130 ಅಡಿ. ಹನ್ನೆರಡು ಅಂಕ ಹಾಗಲ್ಲ. ಒಬ್ಬರ ಹನ್ನೆರಡು ನಿದ್ದೆ, ಊಟ, ಸುಸ್ತು, ಗಮನ ನಿಲ್ಲದಿರುವುದು ಇಷ್ಟರಿಂದಲೇ ತುಂಬಿರುತ್ತದೆ. ಇನ್ನೊಬ್ಬರ ಹನ್ನೆರಡರಲ್ಲಿ ಸಾಯುವ ಯೋಚನೆ ಕೂತಿರುತ್ತದೆ. ಮೊತ್ತ ಮಾತ್ರ ನೋಡುವವರ ಕಣ್ಣಿಗೆ ಇಬ್ಬರೂ ಒಂದೇ. ಅದಕ್ಕೇ ನಾನು ಮೊತ್ತಕ್ಕಿಂತ ಮೊದಲು, ಸಾಯುವ ಯೋಚನೆಯನ್ನು ಕೇಳುವ ಒಂಬತ್ತನೆಯ ಪ್ರಶ್ನೆಯ ಉತ್ತರ ನೋಡುವುದು.

ಅಳೆಯುವ ಮಾತು ಹಾಗಿರಲಿ, ಅಳೆಯುತ್ತಿರುವುದು ಏನನ್ನು? ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲೇ ಈ ಪ್ರಶ್ನೆ ಎತ್ತಿ, ದುಃಖವಾಗಿ ಅಳುವುದಲ್ಲ, ಅಳುವುದರಿಂದಲೇ ದುಃಖ ಅಂತ ವಾದಿಸಿದ. ಮೈ ಮೊದಲು, ಮನಸ್ಸು ಆಮೇಲೆ. 1981ರಲ್ಲಿ ಇಬ್ಬರು ಸಂಶೋಧಕರು ಭಾವನೆಗೆ ಕೊಟ್ಟ ವ್ಯಾಖ್ಯೆಗಳನ್ನು ಗುಡ್ಡೆಹಾಕಿದಾಗ 92 ಸಿಕ್ಕವು. ಅಷ್ಟು ಸಿಕ್ಕವು ಅಂದರೆ ಯಾವುದೂ ಗಟ್ಟಿಯಾಗಿ ನಿಂತಿಲ್ಲ ಅಂತಲೇ.

ಜೇಮ್ಸ್ ಮಾತು ಕನ್ನಡದವರಿಗೆ ಅಷ್ಟೇನೂ ಹೊಸದಲ್ಲ. ಸಂಕಟ ಅಂದರೆ ಹೊಟ್ಟೆಯದ್ದೂ ಹೌದು, ಮನಸ್ಸಿನದ್ದೂ ಹೌದು. ಅಸೂಯೆ ನಮಗೆ ಹೊಟ್ಟೆಕಿಚ್ಚು, ಧೈರ್ಯ ಎದೆಗಾರಿಕೆ. ನಾಟ್ಯಶಾಸ್ತ್ರದ ಎಂಟು ಸಾತ್ವಿಕ ಭಾವಗಳನ್ನೇ ನೋಡಿ: ಬೆವರು, ರೋಮಾಂಚ, ನಡುಕ, ದನಿ ಒಡೆಯುವುದು, ಮುಖ ಬಿಳಚುವುದು, ಕಣ್ಣೀರು... ಇವತ್ತಿನ ಪ್ರಯೋಗಾಲಯದವರು ಬೆರಳಿಗೆ ತಂತಿ ಕಟ್ಟಿ ಹಿಡಿಯಲು ಹೊರಟದ್ದರಲ್ಲಿ ಅರ್ಧ ಅಲ್ಲೇ ಇದೆ.

ತೊಡಕೆಂದರೆ, ಬೆವರು ತನ್ನ ಹೆಸರು ಹೇಳುವುದಿಲ್ಲ. ಕಣದಲ್ಲಿ ಹಾವು ಕಂಡರೂ ಅಂಗೈ ಬೆವರುತ್ತದೆ, ಪಿಯುಸಿ ರಿಸಲ್ಟ್ ತೆರೆಯುವಾಗಲೂ ಬೆವರುತ್ತದೆ. ಯಂತ್ರಕ್ಕೆ ತಿಳಿಯುವುದು ಮೈ ಎಚ್ಚೆತ್ತಿದೆ ಅನ್ನುವುದಷ್ಟೇ. 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಎಂಬ ಮನೋವಿಜ್ಞಾನಿಗಳು ವಿಟಮಿನ್ ಎಂದು ಹೇಳಿ, ಎದೆಬಡಿತ ಏರಿಸುವ ಅಡ್ರಿನಲಿನ್ ಚುಚ್ಚಿ, ಪಕ್ಕದಲ್ಲಿ ನಗುವವನನ್ನೋ ಸಿಡುಕುವವನನ್ನೋ ಕೂರಿಸಿದರು. ಎದೆ ಯಾಕೆ ಡವಗುಟ್ಟುತ್ತಿದೆ ಎಂದು ಗೊತ್ತಿಲ್ಲದವರು ಪಕ್ಕದವನನ್ನು ನೋಡಿ ತಮ್ಮ ಭಾವನೆಗೆ ಹೆಸರಿಟ್ಟುಕೊಳ್ಳುತ್ತಾರೆ ಎಂಬುದು ಅವರ ತೀರ್ಮಾನ. ಆಮೇಲೆ ಅದೇ ಪ್ರಯೋಗ ಮಾಡಿನೋಡಿದವರಿಗೆ ಫಲಿತಾಂಶ ಅಷ್ಟು ಸಲೀಸಾಗಿ ಸಿಗಲಿಲ್ಲ. ಪಠ್ಯಪುಸ್ತಕಗಳು ಮೊದಲರ್ಧ ಹೇಳಿ ಸುಮ್ಮನಾಗುತ್ತವೆ ಅನ್ನುವುದು ನನ್ನ ಹಳೆಯ ತಕರಾರು.

ಕೊನೆಗೆ ಕೇಳಿಯೇ ತಿಳಿಯಬೇಕು. ಕೇಳಲು ಪದ ಬೇಕು. ಭಾವನೆ ಅಳೆಯುವ 1988ರ ಪಾನಾಸ್ ಮಾಪಕದಲ್ಲಿ ಇಪ್ಪತ್ತು ಭಾವಪದಗಳಿವೆ. ಎಂ.ಎ. ವಿದ್ಯಾರ್ಥಿಯೊಬ್ಬ ಅದನ್ನು ಕನ್ನಡಕ್ಕೆ ತಂದು ತೋರಿಸಿದ. ಇಂಗ್ಲಿಷಿನ ಎರಡು ಬೇರೆ ಪದಗಳಿಗೆ ಒಂದು ಕಡೆ ‘ಭಯ’, ಇನ್ನೊಂದು ಕಡೆ ‘ಹೆದರಿಕೆ’. ‘ಗಿಲ್ಟಿ’ಗೆ ‘ತಪ್ಪಿತಸ್ಥ’. ಅದಕ್ಕೆ ಒಬ್ಬ ರೈತರು, “ನನ್ನ ಮ್ಯಾಲೆ ಯಾವ ಕೇಸೂ ಇಲ್ಲಪ್ಪ” ಅಂದರಂತೆ! ಅನುವಾದವನ್ನು ಮೂಲ ನೋಡದವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸುವ ಪದ್ಧತಿ ಇದೆ. ‘ತಪ್ಪಿತಸ್ಥ’ ಅದರಲ್ಲಿ ಸಲೀಸಾಗಿ ಪಾಸಾಗುತ್ತದೆ, ಸಂತೆಯಲ್ಲಿ ನಪಾಸು. ಅವನಿಗೆ ಹೇಳಿದೆ: ಮೊದಲು ಹತ್ತು ಜನರ ಹತ್ತಿರ ಕೂತು ಪ್ರಶ್ನೆ ಓದು, ಏನು ಅರ್ಥವಾಯಿತು ಅಂತ ಅವರ ಬಾಯಲ್ಲೇ ಹೇಳಿಸು. ಮರಳಿ ಬಂದಾಗ ‘ತಪ್ಪಿತಸ್ಥ’ ಹೊಡೆದುಹಾಕಿ ‘ಮನಸ್ಸು ಚುಚ್ಚುತ್ತದೆ’ ಅಂತ ಬರೆದುಕೊಂಡಿದ್ದ.

ಆ ಹೆಂಗಸಿಗೂ ಪ್ರಶ್ನೆ ಬದಲಿಸಿದೆ. “ಎದಿ ಮ್ಯಾಲೆ ಕಲ್ಲು ಎಷ್ಟು ದಿನ ಇತ್ತಮ್ಮಾ?” ಅವರು ಬೆರಳು ಮಡಿಸಿ ಎಣಿಸತೊಡಗಿದರು. ಸೋಮವಾರ ಇತ್ತು, ಮಂಗಳವಾರ ಇತ್ತು, ಸಂತೆಗೆ ಹೋದ ದಿನ ಮಧ್ಯಾಹ್ನದವರೆಗೆ ಇರಲಿಲ್ಲ. ಹದಿನಾಲ್ಕರಲ್ಲಿ ಹನ್ನೊಂದೂವರೆ ದಿನ. ಅರ್ಧ ದಿನಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ, ಅಂಚಿನಲ್ಲಿ ಬರೆದುಕೊಂಡೆ.