ಸೂರ್ಯನ ಬಿಸಿ ಅಳೆಯುವ ಜರಡಿಗಳು

ಸೂರ್ಯನ ಎಕ್ಸ್-ರೇ ಚಿತ್ರ ನೋಡಿದಾಗ ಜಾಸ್ತಿ ಹೊಳೆಯುವ ಜಾಗವೇ ಜಾಸ್ತಿ ಬಿಸಿ ಅನ್ನಿಸುತ್ತದೆ, ಅಲ್ವಾ? ಹಾಗೇ ಇರಬೇಕೆಂದೇನಿಲ್ಲ. ಅಲ್ಲಿನ ಪ್ಲಾಸ್ಮಾ (ವಿದ್ಯುತ್ ಆವೇಶವಿರುವ ಬಿಸಿ ಅನಿಲ) ನಿಜವಾಗಿಯೂ ಹೆಚ್ಚು ಬಿಸಿ ಇರಬಹುದು, ಇಲ್ಲವೇ ಅಲ್ಲಿ ಪ್ಲಾಸ್ಮಾ ಹೆಚ್ಚು ತುಂಬಿಕೊಂಡಿರಬಹುದು. ಸಾಂದ್ರತೆ ಎರಡು ಪಟ್ಟಾದರೆ ಹೊಳಪು ನಾಲ್ಕು ಪಟ್ಟಾಗುತ್ತದೆ. ಒಂದೇ ಚಿತ್ರದಿಂದ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಫಿಲ್ಟರ್‌ಗಳು. ಜಪಾನ್ 2006ರ ಸೆಪ್ಟೆಂಬರ್‌ನಲ್ಲಿ ಹಾರಿಸಿದ ಹಿನೋದೆ ಉಪಗ್ರಹದಲ್ಲಿ ಎಕ್ಸ್‌ಆರ್‌ಟಿ ಎಂಬ ಎಕ್ಸ್-ರೇ ದೂರದರ್ಶಕವಿದೆ. ಅದರ ಕ್ಯಾಮೆರಾದ ಮುಂದೆ ಎರಡು ಚಕ್ರಗಳು, ಅವುಗಳಲ್ಲಿ ಒಟ್ಟು ಒಂಬತ್ತು ಎಕ್ಸ್-ರೇ ಫಿಲ್ಟರ್‌ಗಳು. ಬಣ್ಣದ ಗಾಜು ಅಂದುಕೊಳ್ಳಬೇಡಿ, ಹೆಚ್ಚಿನವು ಲೋಹದ ಹಾಳೆಗಳು. ಒಂದರಲ್ಲಿ ಅಲ್ಯೂಮಿನಿಯಂ ಬರೀ 0.16 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ, ಅಷ್ಟು ತೆಳು ಹಾಳೆ ತಾನಾಗಿ ನಿಲ್ಲುವುದಿಲ್ಲ ಅಂತ ಸಣ್ಣ ಬಲೆಯ ಮೇಲೆ ಕೂರಿಸಿದ್ದಾರೆ. ಇನ್ನೊಂದು ತುದಿಯಲ್ಲಿ 300 ಮೈಕ್ರಾನ್ ದಪ್ಪದ ಬೆರಿಲಿಯಂ ಇದೆ.

ಅಡುಗೆಮನೆಯ ಜರಡಿ ನೆನಪಿಸಿಕೊಳ್ಳಿ. ಪ್ಲಾಸ್ಮಾ ಬಿಸಿಯಾದಷ್ಟೂ ಅದು ಸೂಸುವ ಎಕ್ಸ್-ರೇ ಅಲೆಗಳು ಗಿಡ್ಡವಾಗುತ್ತಾ ಹೋಗುತ್ತವೆ, ಅಂದರೆ ಹಿಟ್ಟು ನುಣ್ಣಗಾಗುತ್ತದೆ. ತೆಳು ಫಿಲ್ಟರ್ ದೊಡ್ಡ ಕಣ್ಣಿನ ಜರಡಿ, ತರಿಯನ್ನೂ ನುಣುಪನ್ನೂ ಬಿಡುತ್ತದೆ. ದಪ್ಪ ಬೆರಿಲಿಯಂ ಸಣ್ಣ ಕಣ್ಣಿನದು, ನುಣ್ಣನೆಯದು ಮಾತ್ರ ದಾಟುತ್ತದೆ. ಒಂದೇ ಹಿಟ್ಟನ್ನು ಎರಡರಲ್ಲೂ ಸಮವಾಗಿ ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ಹೋಲಿಸಿ. ಹಿಟ್ಟು ಒಂದು ಸೇರಿದ್ದರೂ ಹತ್ತು ಸೇರಿದ್ದರೂ ಆ ಅನುಪಾತ ಬದಲಾಗುವುದಿಲ್ಲ, ಬೀಸಿದ್ದು ಎಷ್ಟು ನುಣ್ಣಗಿದೆ ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಎರಡು ಫಿಲ್ಟರ್‌ಗಳ ಹೊಳಪನ್ನು ಭಾಗಿಸಿದಾಗಲೂ ಹೀಗೇ. ಪ್ಲಾಸ್ಮಾ ಎಷ್ಟಿದೆ ಅನ್ನುವ ಲೆಕ್ಕ ಕಳೆದುಹೋಗಿ ತಾಪಮಾನ ಉಳಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಆಗಬಾರದು. ತೆಳು ಫಿಲ್ಟರ್ ತಂಪು ಪ್ಲಾಸ್ಮಾಕ್ಕೆ, ದಪ್ಪದ್ದು ಬಿಸಿಗೆ ಅಂತ ಹಂಚಿಕೆ ಇಲ್ಲ. ಸುಮಾರು ಒಂದು ಕೋಟಿ ಡಿಗ್ರಿಯ ಪ್ಲಾಸ್ಮಾಕ್ಕೆ ಎಲ್ಲವೂ ಚೆನ್ನಾಗಿಯೇ ಸ್ಪಂದಿಸುತ್ತವೆ. ನಿಜವಾದ ವ್ಯತ್ಯಾಸ ಕೆಳಗಿನ ತುದಿಯಲ್ಲಿದೆ: ಹತ್ತು ಲಕ್ಷ ಡಿಗ್ರಿಯ ಹತ್ತಿರವೂ ತೆಳು ಅಲ್ಯೂಮಿನಿಯಂಗೆ ಏನೋ ಕಾಣುತ್ತದೆ, ದಪ್ಪ ಬೆರಿಲಿಯಂ ಮಾತ್ರ ಅಷ್ಟರೊಳಗೆ ಕುರುಡಾಗಿರುತ್ತದೆ. ಇನ್ನೊಂದು ತೊಡಕು, ನಾವು ನೋಡುವ ದಾರಿಯಲ್ಲಿ ಬಿಸಿ, ಇನ್ನೂ ಬಿಸಿ ಎಲ್ಲವೂ ಬೆರೆತಿರುತ್ತವೆ. ಆಗ ಎರಡು ಫಿಲ್ಟರ್ ಕೊಡುವುದು ಒಂದು ಥರದ ಸರಾಸರಿ ಅಷ್ಟೇ. ಬೆರಕೆ ಬಿಡಿಸಲು ಇನ್ನಷ್ಟು ಫಿಲ್ಟರ್ ಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮಾತ್ರ ಕೊಳೆಯ ವಿಷಯ. ಉಡಾವಣೆಯ ನಂತರ ಎಕ್ಸ್‌ಆರ್‌ಟಿಯ ಸಿಸಿಡಿ (ಚಿತ್ರ ಹಿಡಿಯುವ ಚಿಪ್) ಮೇಲೂ ಫಿಲ್ಟರ್‌ಗಳ ಮೇಲೂ ಇಂಗಾಲದ ಅಂಶವಿರುವ ಕೊಳೆ ಕೂರತೊಡಗಿತು. ಸಿಸಿಡಿಯನ್ನು ಆಗಾಗ ಕಾಯಿಸಿ ಅದರ ಮೇಲಿನದನ್ನು ಓಡಿಸಿದರು. ಫಿಲ್ಟರ್ ಮೇಲಿನದು ಉಳಿಯಿತು. ಅದು ಉದ್ದ ಅಲೆಗಳನ್ನೇ ಜಾಸ್ತಿ ತಡೆಯುತ್ತದೆ, ಆದ್ದರಿಂದ ಪೆಟ್ಟು ಬಿದ್ದದ್ದು ತೆಳು ಫಿಲ್ಟರ್‌ಗಳಿಗೆ. ಅವುಗಳ ಹೊಳಪು ಕುಗ್ಗಿದರೆ ಅನುಪಾತ ದಪ್ಪದ ಕಡೆ ವಾಲಿ, ಸೂರ್ಯ ಇರುವುದಕ್ಕಿಂತ ಬಿಸಿಯಾಗಿ ಕಾಣುತ್ತಾನೆ! ಸೂರ್ಯನ ಶಾಂತ ಭಾಗಗಳ ಹೊಳಪು ದಿನೇದಿನೇ ಎಷ್ಟು ಕುಗ್ಗಿತು ಅಂತ ನೋಡಿ, ಯಾವ ಫಿಲ್ಟರ್ ಮೇಲೆ ಎಷ್ಟು ಕೊಳೆ ಅಂತ ತಾಳ್ಮೆಯಿಂದ ಲೆಕ್ಕ ಹಾಕಿದರು.

2012ರ ಮೇ ತಿಂಗಳಲ್ಲಿ ಇನ್ನೊಂದು ತೊಂದರೆ ಬಂತು. ದೂರದರ್ಶಕದ ಬಾಯಲ್ಲಿ ಕಾಣುವ ಬೆಳಕನ್ನು ತಡೆಯಲು ಇಟ್ಟಿದ್ದ ಫಿಲ್ಟರ್‌ಗೆ ಹಾನಿಯಾಗಿ, ಮಾಮೂಲಿ ಬೆಳಕು ಒಳಗೆ ಸೋರತೊಡಗಿತು. ಸೂರ್ಯನ ಕಾಣುವ ಬೆಳಕು ಎಕ್ಸ್-ರೇಗಿಂತ ಲಕ್ಷಾಂತರ ಪಟ್ಟು ಜಾಸ್ತಿ, ಹಾಗಾಗಿ ಸಣ್ಣ ಸೋರಿಕೆಯೂ ಕೆಲವು ತೆಳು ಫಿಲ್ಟರ್‌ಗಳ ಚಿತ್ರಗಳಲ್ಲಿ ಮಬ್ಬಾಗಿ ಸೇರಿಕೊಂಡಿತು. ಅದನ್ನೂ ಕಳೆದು ಲೆಕ್ಕ ಹಾಕಬೇಕು. ಇವತ್ತು ಎಕ್ಸ್‌ಆರ್‌ಟಿ ಚಿತ್ರಗಳಿಂದ ತಾಪಮಾನ ತೆಗೆಯುವವರು ಯಾವ ಫಿಲ್ಟರ್ ಅನ್ನುವುದರ ಜೊತೆಗೆ ಚಿತ್ರ ತೆಗೆದ ತಾರೀಖನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಯಾಕೆಂದರೆ 2006ರ ಫಿಲ್ಟರ್ ಮತ್ತು 2010ರ ಅದೇ ಫಿಲ್ಟರ್ ಒಂದೇ ಪ್ಲಾಸ್ಮಾಕ್ಕೆ ಬೇರೆಬೇರೆ ಹೊಳಪು ತೋರಿಸುತ್ತವೆ.