ತಂತಿಗೆ ಪೋಣಿಸಿದ ಚುನಾವಣೆಗಳು: ಸದನ ವಿಸರ್ಜಿಸುವ ಅಧಿಕಾರ ಯಾರದ್ದು?

ಮಧುಗಿರಿ ತಾಲ್ಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ, ತುದಿ ಬಾಗಿಸಿದ ಎರಡು ತಂತಿಗಳು ಈಗಲೂ ಗೋಡೆಯ ಮೊಳೆಗೆ ನೇತಾಡುತ್ತಿವೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ನಮ್ಮ ತಂದೆ ಕಂದಾಯದ ರಸೀದಿ, ಸೊಸೈಟಿಯ ಚೀಟಿ, ಕರೆಂಟ್ ಬಿಲ್ಲುಗಳನ್ನು ಒಂದಕ್ಕೆ ಚುಚ್ಚಿಡುತ್ತಿದ್ದರು. ಚುನಾವಣಾ ಕರ್ತವ್ಯದ ಆದೇಶಗಳಿಗೆ ಮಾತ್ರ ಇನ್ನೊಂದು. 1971ರಿಂದ 1999ರವರೆಗೆ ಅದರಲ್ಲಿ ಹದಿನಾಲ್ಕು ಆದೇಶಗಳಿವೆ. ಹೆಚ್ಚಿನವು ಸೈಕ್ಲೋಸ್ಟೈಲ್ ಮಾಡಿದ, ನೇರಳೆ ಮಸಿ ಹರಡಿದ ಹಾಳೆಗಳು. ಪ್ರತಿಯೊಂದರ ಹಿಂದೆಯೂ ಶಾಲೆ ಎಷ್ಟು ದಿನ ಮುಚ್ಚಿತ್ತೆಂದು ಸೀಸದ ಕಡ್ಡಿಯಲ್ಲಿ ಗುರುತು ಹಾಕಿದ್ದಾರೆ. 1983ರ ಜನವರಿ, 1984ರ ಡಿಸೆಂಬರ್, 1985ರ ಮಾರ್ಚ್ ತಿಂಗಳ ಆದೇಶಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿವೆ. ಮೂರನೆಯದು ಬಂದಾಗ ಊರಿನಲ್ಲಿ ಹುಣಸೆ ಬಡಿಯುವ ಕಾಲ, ಶಾಲೆಯಲ್ಲಿ ವಾರ್ಷಿಕ ಪರೀಕ್ಷೆಯ ಸಿದ್ಧತೆ. ಇಪ್ಪತ್ತಾರು ತಿಂಗಳಲ್ಲಿ ಮೂರು ಸಲ ಮತಪೆಟ್ಟಿಗೆ ಹೊತ್ತ ಮೇಷ್ಟ್ರುಗಳಿಗೆ, ಈ ಚುನಾವಣೆ ಈಗಲೇ ಬೇಕೆಂದು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಬಂದಿರಬೇಕು.

ಸಂವಿಧಾನದ ಅಕ್ಷರವನ್ನಷ್ಟೇ ಓದಿದರೆ ಉತ್ತರ ಸರಳವಾಗಿದೆ. 85ನೇ ವಿಧಿಯ ಪ್ರಕಾರ ಲೋಕಸಭೆಯನ್ನು ವಿಸರ್ಜಿಸುವವರು ರಾಷ್ಟ್ರಪತಿ. 174ನೇ ವಿಧಿಯ ಪ್ರಕಾರ ವಿಧಾನಸಭೆಯನ್ನು ವಿಸರ್ಜಿಸುವವರು ರಾಜ್ಯಪಾಲರು. ಆದರೆ ರಾಷ್ಟ್ರಪತಿಯವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂದು 74ನೇ ವಿಧಿ ಹೇಳುವುದರಿಂದ, 1976ರ 42ನೇ ತಿದ್ದುಪಡಿ ಆ ಸಲಹೆಗೆ ಅವರು ಬದ್ಧರೆಂದು ಖಚಿತಪಡಿಸಿರುವುದರಿಂದ, ರುಜು ಒಬ್ಬರದ್ದು, ನಿರ್ಧಾರ ಇನ್ನೊಬ್ಬರದ್ದು ಎಂಬ ಸ್ಥಿತಿ ಉಂಟಾಗಿದೆ. ಸದನದ ಆಯುಸ್ಸನ್ನು ಮೊಟಕುಗೊಳಿಸುವ ಈ ವ್ಯವಹಾರದಲ್ಲಿ ಸ್ವತಃ ಸದನದ ಒಪ್ಪಿಗೆ ಕೇಳಬೇಕೆಂದು ಮಾತ್ರ ಎಲ್ಲಿಯೂ ಬರೆದಿಲ್ಲ. ಅರ್ಧ ಶತಮಾನದ ಜಗಳಗಳೆಲ್ಲ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ ಎಂಬುದು ನನ್ನ ತಿಳಿವಳಿಕೆ.

ಮೂಲದಲ್ಲಿ ಇದು ಅರಸನ ಅಧಿಕಾರ. ಇಂಗ್ಲೆಂಡಿನ ಒಂದನೇ ಚಾರ್ಲ್ಸ್ 1629ರಲ್ಲಿ ಪಾರ್ಲಿಮೆಂಟನ್ನು ವಿಸರ್ಜಿಸಿ ಹನ್ನೊಂದು ವರ್ಷ ಅದನ್ನು ಕರೆಯದೆಯೇ ಆಳಿದ. ಆಮೇಲೆ ಸೇರಿದ ಪಾರ್ಲಿಮೆಂಟು 1641ರಲ್ಲಿ, ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ವಿಸರ್ಜಿಸುವಂತಿಲ್ಲವೆಂದು ಕಾಯ್ದೆಯನ್ನೇ ಮಾಡಿಕೊಂಡಿತು. ನಮ್ಮ ಮೈಸೂರು ಸೀಮೆಯ ಕಥೆ ಅಷ್ಟು ಉಗ್ರವಾದದ್ದಲ್ಲ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ ತುಮಕೂರು, ಕೋಲಾರ ಜಿಲ್ಲೆಗಳ ರೈತರೂ ವರ್ತಕರೂ ದಸರೆಯ ಹೊತ್ತಿಗೆ ಮೈಸೂರಿಗೆ ಹೋಗಿ, ದಿವಾನರ ಭಾಷಣ ಕೇಳಿ, ಅಹವಾಲು ಒಪ್ಪಿಸಿ ಮರಳುತ್ತಿದ್ದರು. ಸಭೆ ಕರೆಯುವುದೂ ಮುಗಿಸುವುದೂ ಸರ್ಕಾರದ ಕೈಯಲ್ಲಿತ್ತು. ಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರ ಬೇಕು, ಅಂದರೆ ಆ ಕಾಲದ ಮಾತಿನಲ್ಲಿ ‘ಜವಾಬ್ದಾರಿ ಸರ್ಕಾರ’ ಬೇಕು ಎಂಬ ಬೇಡಿಕೆ ಬಲಿಯುತ್ತ ಹೋಗಿ, 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಕೋಲಾರ ಜಿಲ್ಲೆಯವರೇ ಆದ ಕೆ. ಚೆಂಗಲರಾಯ ರೆಡ್ಡಿಯವರು 1947ರ ಅಕ್ಟೋಬರಿನಲ್ಲಿ ಮೈಸೂರಿನ ಮೊದಲ ಜನಪ್ರತಿನಿಧಿ ಸರ್ಕಾರ ರಚಿಸಿದ್ದು ಅದೇ ಬೇಡಿಕೆ ಫಲಿಸಿದ್ದರಿಂದ.

ಸಂವಿಧಾನ ರಚನಾ ಸಭೆಯಲ್ಲಿ 1949ರ ಮೇ ತಿಂಗಳಲ್ಲಿ ವಿಸರ್ಜನೆಯ ವಿಧಿ ಚರ್ಚೆಗೆ ಬಂದಾಗ ಡಾ. ಅಂಬೇಡ್ಕರ್ ನೀಡಿದ ವಿವರಣೆ ಇಂದಿಗೂ ಓದಬೇಕಾದದ್ದು. ಪ್ರಧಾನಿ ಸಲಹೆ ಕೊಟ್ಟಾಗ ರಾಷ್ಟ್ರಪತಿಯವರು ಸದನದ ಮನೋಭಾವವನ್ನು ಪರೀಕ್ಷಿಸುತ್ತಾರೆ, ಇನ್ನೊಬ್ಬ ನಾಯಕನ ಕೆಳಗೆ ಕೆಲಸ ಸಾಗುವುದಾದರೆ ಅದನ್ನು ನೋಡುತ್ತಾರೆ, ಬೇರೆ ದಾರಿಯಿಲ್ಲವೆಂದು ಕಂಡಾಗ ಸಲಹೆಯನ್ನು ಒಪ್ಪುತ್ತಾರೆ ಎಂಬುದು ಅವರ ನಿರೀಕ್ಷೆಯಾಗಿತ್ತು. ಅದು ನಿರೀಕ್ಷೆಯಾಗಿಯೇ ಉಳಿಯಿತು, ವಿಧಿಯೊಳಗೆ ಸೇರಲಿಲ್ಲ.

1952ರಿಂದ 1967ರವರೆಗೆ ನಾಲ್ಕು ಸಲ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ ನಡೆದಿದ್ದರಿಂದ ಈ ಅಧಿಕಾರದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವ ಪ್ರಸಂಗ ಬರಲಿಲ್ಲ. 1970ರ ಡಿಸೆಂಬರ್ 27ರಂದು, ಅವಧಿ ಮುಗಿಯಲು ಒಂದು ವರ್ಷಕ್ಕೂ ಹೆಚ್ಚು ಕಾಲವಿರುವಾಗಲೇ, ಇಂದಿರಾ ಗಾಂಧಿಯವರ ಸಲಹೆಯಂತೆ ವಿ.ವಿ. ಗಿರಿಯವರು ಲೋಕಸಭೆಯನ್ನು ವಿಸರ್ಜಿಸಿದರು. ಕಾಂಗ್ರೆಸ್ ಇಬ್ಭಾಗವಾಗಿ ಇಂದಿರಾ ಸರ್ಕಾರ ಇತರ ಪಕ್ಷಗಳ ಬೆಂಬಲದಿಂದ ನಿಂತಿತ್ತಾದರೂ ಸದನದಲ್ಲಿ ಸೋತಿರಲಿಲ್ಲ. 1971ರ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಅವರ ಪಕ್ಷವೇ ಗೆದ್ದಿತು. ಅದರ ಏಟಿಗೆ ವೀರೇಂದ್ರ ಪಾಟೀಲರ ಸರ್ಕಾರ ಉರುಳಿ, ರಾಷ್ಟ್ರಪತಿ ಆಳ್ವಿಕೆ ಬಂದು, 1972ರಲ್ಲಿ ವಿಧಾನಸಭೆಗೆ ಪ್ರತ್ಯೇಕ ಚುನಾವಣೆ ನಡೆಯಿತು. ನಮ್ಮ ತಂದೆಯ ತಂತಿಯ ಮೊದಲ ಎರಡು ಹಾಳೆಗಳು ಇವೇ. ದೆಹಲಿಯಲ್ಲಿ ಒಬ್ಬರು ಆರಿಸಿಕೊಂಡ ಮುಹೂರ್ತಕ್ಕೆ ಮಧುಗಿರಿಯ ಮತಗಟ್ಟೆ ಎರಡು ಸಲ ತೆರೆಯಬೇಕಾಯಿತು.

1979ರ ಪ್ರಸಂಗ ಇದಕ್ಕಿಂತ ತೊಡಕಿನದು. ಮೊರಾರ್ಜಿ ದೇಸಾಯಿಯವರು ರಾಜೀನಾಮೆ ಕೊಟ್ಟ ಮೇಲೆ ಪ್ರಧಾನಿಯಾದ ಚರಣ್ ಸಿಂಗ್ ಅವರು ಆಗಸ್ಟಿನಲ್ಲಿ ವಿಶ್ವಾಸಮತ ಪಡೆಯಬೇಕಿತ್ತು. ಇಂದಿರಾ ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿದ್ದರಿಂದ ಅವರು ಸದನಕ್ಕೆ ಮುಖ ತೋರಿಸದೆಯೇ ರಾಜೀನಾಮೆ ನೀಡಿ, ಜೊತೆಗೆ ಲೋಕಸಭೆಯನ್ನು ವಿಸರ್ಜಿಸಬೇಕೆಂಬ ಸಲಹೆಯನ್ನೂ ಕೊಟ್ಟರು. ಒಮ್ಮೆಯೂ ಬಹುಮತ ತೋರಿಸದ ಪ್ರಧಾನಿಯ ಸಲಹೆಯನ್ನು ಒಪ್ಪಬೇಕೇ, ಸರ್ಕಾರ ರಚಿಸಬಲ್ಲೆನೆನ್ನುತ್ತಿದ್ದ ಜಗಜೀವನ್ ರಾಮ್ ಅವರಿಗೆ ಅವಕಾಶ ಕೊಡಬೇಕೇ ಎಂಬುದು ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿಯವರ ಮುಂದಿದ್ದ ಪ್ರಶ್ನೆ. ಅವರು ನಮ್ಮ ಪಾವಗಡದ ಗಡಿಯಾಚೆಯ ಅನಂತಪುರ ಜಿಲ್ಲೆಯವರಾದ್ದರಿಂದ ಈ ಕಡೆಯ ಹಳಬರು ಅವರ ನಿರ್ಧಾರವನ್ನು ನೆಂಟರ ಮನೆಯ ಜಗಳದಂತೆ ಚರ್ಚಿಸುವುದನ್ನು ನಾನು ಕೇಳಿದ್ದೇನೆ. ಆಗಸ್ಟ್ 22ರಂದು ಅವರು ಲೋಕಸಭೆಯನ್ನು ವಿಸರ್ಜಿಸಿದರು. ಅಂಬೇಡ್ಕರ್ ನಿರೀಕ್ಷಿಸಿದ್ದ ಪರೀಕ್ಷೆ ಅಂದು ನಡೆಯಲಿಲ್ಲ. ಒಂದು ದಿನ ಸದನ ಸೇರಿ ತಲೆ ಎಣಿಸಿದ್ದರೆ ಎರಡೂ ಕಡೆಯ ಹಕ್ಕುಸಾಧನೆ ಇತ್ಯರ್ಥವಾಗುತ್ತಿತ್ತು.

ತಂತಿಯ ಅಂಟಿಕೊಂಡ ಹಾಳೆಗಳ ಹಿಂದಿರುವುದು ಇನ್ನೊಂದು ಬಗೆಯ ವಿಸರ್ಜನೆ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ದಕ್ಕಿದ್ದು 4 ಮಾತ್ರ. ಇತರರ ಬೆಂಬಲದಿಂದ ಆಡಳಿತ ನಡೆಸುತ್ತಿದ್ದ ರಾಮಕೃಷ್ಣ ಹೆಗಡೆಯವರು ಜನಾದೇಶ ತಮಗಿಲ್ಲವೆಂದು ರಾಜೀನಾಮೆ ನೀಡಿ ವಿಧಾನಸಭೆಯ ವಿಸರ್ಜನೆಗೆ ಸಲಹೆ ಮಾಡಿದರು; ಮಾರ್ಚಿನಲ್ಲಿ 224ರಲ್ಲಿ 139 ಸ್ಥಾನ ಗೆದ್ದು ಮರಳಿದರು. ನೈತಿಕತೆ ಎಷ್ಟು, ಲೆಕ್ಕಾಚಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೂ ಜನರ ಬಳಿಗೆ ಹೋಗುವ ಮಾತನ್ನಾಡಿದವರು ಅಧಿಕಾರದಲ್ಲಿದ್ದವರೇ ಆಗಿದ್ದರು, ಹೊರಗಿನವರಲ್ಲ.

ನಾಲ್ಕೇ ವರ್ಷದಲ್ಲಿ ಅದೇ ವಿಧಾನಸಭೆ ತೀರ ಬೇರೆ ರೀತಿಯಲ್ಲಿ ಕೊನೆಗೊಂಡಿತು. 1989ರ ಏಪ್ರಿಲ್ ಮಧ್ಯದಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸಂಪುಟ ವಿಸ್ತರಿಸಿದ ಬೆನ್ನಿಗೇ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ತೊರೆದರು. ಅವರು ಬೆಂಬಲ ಹಿಂತೆಗೆತದ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಒಪ್ಪಿಸಿದರು. ಏಪ್ರಿಲ್ 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. ಮರುದಿನ ಆ 19 ಮಂದಿಯಲ್ಲಿ ಏಳು ಜನ, ತಮ್ಮ ಸಹಿಯನ್ನು ತಪ್ಪು ತಿಳಿಸಿ ಪಡೆಯಲಾಗಿದೆ, ನಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದುಕೊಟ್ಟರು. ಅದೇ ದಿನ ಬೊಮ್ಮಾಯಿಯವರು ಕಾನೂನು ಸಚಿವರೊಡನೆ ರಾಜ್ಯಪಾಲರನ್ನು ಕಂಡು, ನಿಗದಿಯಾಗಿದ್ದ ಅಧಿವೇಶನವನ್ನು ಬೇಕಾದರೆ ಮುಂಚಿತವಾಗಿಯೇ ಕರೆದು ಬಹುಮತ ಸಾಬೀತುಪಡಿಸುವುದಾಗಿ ತಿಳಿಸಿದರು. ರಾಜ್ಯಪಾಲರು ಕಳುಹಿಸಿದ್ದು ಎರಡನೆಯ ವರದಿಯನ್ನು. 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ವಿಧಾನಸೌಧದ ಬಾಗಿಲು ತೆಗೆದು ಎಣಿಸಬಹುದಾಗಿದ್ದ ತಲೆಗಳನ್ನು ರಾಜಭವನದ ಮೇಜಿನ ಮೇಲೆ ಕಾಗದಗಳಲ್ಲಿ ಎಣಿಸಲಾಯಿತು.

ಹೈಕೋರ್ಟು ಬೊಮ್ಮಾಯಿಯವರ ಅರ್ಜಿಯನ್ನು ವಜಾ ಮಾಡಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಸಂವಿಧಾನಬಾಹಿರವೆಂದಿತು. ಬಹುಮತವನ್ನು ಪರೀಕ್ಷಿಸುವ ಜಾಗ ಸದನವೇ ಹೊರತು ರಾಜ್ಯಪಾಲರ ಅಭಿಪ್ರಾಯವಲ್ಲವೆಂದೂ, 356ನೇ ವಿಧಿಯ, ಅಂದರೆ ರಾಷ್ಟ್ರಪತಿ ಆಳ್ವಿಕೆಯ, ಘೋಷಣೆಗೆ ಸಂಸತ್ತಿನ ಒಪ್ಪಿಗೆ ಸಿಗುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲವೆಂದೂ ಹೇಳಿತು. ಅಷ್ಟರಲ್ಲಿ ಹೊಸ ವಿಧಾನಸಭೆ ಬಂದು ನಾಲ್ಕು ವರ್ಷ ಕಳೆದಿತ್ತು. 1977ರ ಕೊನೆಯ ದಿನ ವಜಾಗೊಂಡಿದ್ದ ದೇವರಾಜ ಅರಸರಿಗಾದರೋ ಕೋರ್ಟಿಗಿಂತ ಮೊದಲೇ ಮತದಾರರು ನ್ಯಾಯ ಕೊಟ್ಟಿದ್ದರು; ಎರಡೇ ತಿಂಗಳಲ್ಲಿ ಅವರು ಗೆದ್ದು ಬಂದರು. ಆ ಭಾಗ್ಯ ಬೊಮ್ಮಾಯಿಯವರಿಗೆ ಸಿಗಲಿಲ್ಲ.

ಬೊಮ್ಮಾಯಿ ತೀರ್ಪಿನ ನಂತರವೂ ಹಳೆಯ ಚಾಳಿ ಪೂರ್ತಿ ಹೋಗಲಿಲ್ಲ. 2005ರಲ್ಲಿ ಬಿಹಾರದ ವಿಧಾನಸಭೆಯನ್ನು ಅದು ಒಮ್ಮೆಯೂ ಸೇರುವ ಮೊದಲೇ ವಿಸರ್ಜಿಸಲಾಯಿತು. ಸುಪ್ರೀಂ ಕೋರ್ಟು ಅದನ್ನೂ ಅಸಾಂವಿಧಾನಿಕವೆಂದಿತು, ಆದರೆ ಚುನಾವಣಾ ಪ್ರಕ್ರಿಯೆ ಆರಂಭವಾಗಿದ್ದರಿಂದ ಸದನವನ್ನು ಮರುಸ್ಥಾಪಿಸಲಿಲ್ಲ. ತೀರ್ಪು ಗೆದ್ದರೂ ಸದನ ಬದುಕದು ಎಂಬ ಈ ವಿಚಿತ್ರ ನಮ್ಮಲ್ಲಿ ಉಳಿದುಕೊಂಡಿದೆ. ನೇಪಾಳದ ಸುಪ್ರೀಂ ಕೋರ್ಟು ಇದಕ್ಕಿಂತ ಧೈರ್ಯ ತೋರಿತು: ಪ್ರಧಾನಿ ಓಲಿ ಅವರ ಸಲಹೆಯ ಮೇಲೆ ವಿಸರ್ಜನೆಗೊಂಡ ಸದನವನ್ನು 2021ರಲ್ಲಿ ಫೆಬ್ರವರಿಯಲ್ಲೊಮ್ಮೆ, ಜುಲೈನಲ್ಲೊಮ್ಮೆ, ಎರಡು ಸಲ ಬದುಕಿಸಿತು.

ಬಹುಮತವಿರುವವರು ತಮಗೆ ಅನುಕೂಲವಾದ ಹೊತ್ತಿನಲ್ಲಿ ಚುನಾವಣೆಗೆ ಹೋಗುವುದರ ಬಗ್ಗೆ ನನಗೆ ಅಷ್ಟೊಂದು ಅಸಮಾಧಾನವಿಲ್ಲ, ಏಕೆಂದರೆ ಅದರ ಲೆಕ್ಕವನ್ನು ಮತದಾರರು ಚುಕ್ತಾ ಮಾಡುತ್ತಾರೆ. 2004ರಲ್ಲಿ ವಾಜಪೇಯಿಯವರು ಲೋಕಸಭೆಯನ್ನೂ, ಎಸ್.ಎಂ. ಕೃಷ್ಣ ಅವರು ವಿಧಾನಸಭೆಯನ್ನೂ ತಿಂಗಳುಗಳ ಮೊದಲೇ ವಿಸರ್ಜಿಸಿ ಸೋತರು. ಕೋಲಾರದ ಗಡಿಗೆ ಅಂಟಿಕೊಂಡ ಕುಪ್ಪಂನ ಶಾಸಕರಾಗಿದ್ದ ಚಂದ್ರಬಾಬು ನಾಯ್ಡು ಅವರ ಪಕ್ಷ, ಅದೇ ಲೆಕ್ಕಾಚಾರದಲ್ಲಿ, 294ರಲ್ಲಿ 47 ಸ್ಥಾನಕ್ಕಿಳಿಯಿತು. 2018ರಲ್ಲಿ ತೆಲಂಗಾಣದ ಕೆ. ಚಂದ್ರಶೇಖರ ರಾವ್ ಅವರು ಮಾತ್ರ ಈ ಜೂಜಿನಲ್ಲಿ ಗೆದ್ದರು.

ವಿಸರ್ಜಿಸುವುದು ಒಂದು ಅಧಿಕಾರ, ದಿನಾಂಕ ಗೊತ್ತುಮಾಡುವುದು ಇನ್ನೊಂದು. 2002ರ ಜುಲೈನಲ್ಲಿ ಗುಜರಾತ್ ವಿಧಾನಸಭೆಯನ್ನು ಅವಧಿಗೆ ಮೊದಲೇ ವಿಸರ್ಜಿಸಲಾಯಿತು. ಗಲಭೆಯ ನಂತರದ ಪರಿಸ್ಥಿತಿಯಲ್ಲಿ ಕೂಡಲೇ ಚುನಾವಣೆ ಸಾಧ್ಯವಿಲ್ಲವೆಂದು ಜೆ.ಎಂ. ಲಿಂಗ್ಡೊ ನೇತೃತ್ವದ ಚುನಾವಣಾ ಆಯೋಗ ಹೇಳಿತು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದೆಂಬ ನಿಯಮ ವಿಸರ್ಜಿತ ಸದನಕ್ಕೆ ಅನ್ವಯಿಸದೆಂದು ಸುಪ್ರೀಂ ಕೋರ್ಟು ಅಭಿಪ್ರಾಯಪಟ್ಟ ಮೇಲೆ, ಮತದಾನ ಡಿಸೆಂಬರಿನಲ್ಲಿ ನಡೆಯಿತು. ಮುಖ್ಯಮಂತ್ರಿ ಬಾಗಿಲು ಮುಚ್ಚಬಹುದು, ಮತ್ತೆ ತೆರೆಯುವ ದಿನ ಅವರ ಕೈಯಲ್ಲಿಲ್ಲವೆಂಬುದು ಅಂದು ಸ್ಪಷ್ಟವಾಯಿತು.

ಹಾಗಾದರೆ ಅಧಿಕಾರವನ್ನು ಸದನಕ್ಕೇ ಕೊಟ್ಟುಬಿಟ್ಟರಾಗದೇ? ಬ್ರಿಟನ್ನು ಅದನ್ನು ಮಾಡಿ ನೋಡಿತು. 2011ರ ಕಾಯ್ದೆ ಐದು ವರ್ಷದ ನಿಶ್ಚಿತ ಅವಧಿಯನ್ನು ವಿಧಿಸಿ, ಅದಕ್ಕೆ ಮೊದಲೇ ಚುನಾವಣೆ ಬೇಕೆಂದರೆ ಸದನದ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕೆಂದಿತು. 2017ರಲ್ಲಿ ತೆರೇಸಾ ಮೇ ಕೇಳಿದಾಗ ಒಪ್ಪಿಗೆ ಸುಲಭವಾಗಿ ಸಿಕ್ಕಿತು. 2019ರಲ್ಲಿ ಬೋರಿಸ್ ಜಾನ್ಸನ್ ಪದೇ ಪದೇ ಕೇಳಿದರೂ ಸಿಗದೆ, ಸರ್ಕಾರ ನಡೆಸಲೂ ಆಗದ, ಚುನಾವಣೆಗೆ ಹೋಗಲೂ ಆಗದ ಬಿಕ್ಕಟ್ಟಿನಿಂದ ಪಾರಾಗಲು ಸಾಧಾರಣ ಬಹುಮತದ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. 2022ರಲ್ಲಿ ಬ್ರಿಟನ್ನು ಆ ಪ್ರಯೋಗವನ್ನೇ ರದ್ದುಮಾಡಿ ಹಳೆಯ ಪದ್ಧತಿಗೆ ಮರಳಿತು. ಈ ಅನುಭವವನ್ನು ನೋಡಿದರೆ ಮೂರನೇ ಎರಡರ ಗಡಿ ತೀರ ಎತ್ತರದ್ದೆಂದು ತೋರುತ್ತದೆ. ಸಾಧಾರಣ ಬಹುಮತದ ಒಂದು ಠರಾವು ಸಾಕು. ಬಹುಮತವಿರುವ ಪ್ರಧಾನಿಗೆ ಅದು ಅಡ್ಡಿಯಾಗದು. 1979ರಂತೆ ಬಹುಮತವಿಲ್ಲದ ಪ್ರಧಾನಿಯನ್ನೂ, 1989ರಂತೆ ಕಾಗದ ಎಣಿಸುವ ರಾಜ್ಯಪಾಲರನ್ನೂ ಅದು ತಡೆಯುತ್ತದೆ. 1999ರ ಏಪ್ರಿಲಿನಲ್ಲಿ ವಾಜಪೇಯಿ ಸರ್ಕಾರ 269ಕ್ಕೆ 270ರಿಂದ, ಒಂದೇ ಮತದಿಂದ ಬಿದ್ದಾಗ, ಆ ಎಣಿಕೆ ಸದನದೊಳಗೇ ನಡೆದಿದ್ದರಿಂದ ಸರ್ಕಾರ ಬಿದ್ದದ್ದನ್ನು ಯಾರೂ ಪ್ರಶ್ನಿಸಲಿಲ್ಲ.

ಈಗ ಚರ್ಚೆ ಬೇರೊಂದು ದಿಕ್ಕಿಗೆ ಹೊರಳಿದೆ. 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಂಸದೀಯ ಸಮಿತಿಗೆ ಹೋದ, ಲೋಕಸಭೆಗೂ ವಿಧಾನಸಭೆಗಳಿಗೂ ಒಟ್ಟಿಗೇ ಚುನಾವಣೆ ನಡೆಸುವ ಉದ್ದೇಶದ 129ನೇ ತಿದ್ದುಪಡಿ ಮಸೂದೆಯ ಪ್ರಕಾರ, ಅವಧಿಗೆ ಮೊದಲೇ ವಿಸರ್ಜನೆಯಾದ ಸದನದ ಜಾಗಕ್ಕೆ ಆರಿಸಿ ಬರುವ ಸದನ ಪೂರ್ಣ ಐದು ವರ್ಷ ಇರುವುದಿಲ್ಲ, ಹಳೆಯದರ ಉಳಿಕೆ ಅವಧಿಗೆ ಮಾತ್ರ ಇರುತ್ತದೆ. ಗೆದ್ದರೂ ಆಯುಸ್ಸು ಹೆಚ್ಚುವುದಿಲ್ಲವಾದ್ದರಿಂದ ಮುಹೂರ್ತ ನೋಡಿ ವಿಸರ್ಜಿಸುವ ಆಸೆಗೆ ಇದು ಕಡಿವಾಣ ಹಾಕಬಹುದು. ಒಂದು ರಾಜ್ಯದ ಚುನಾವಣೆಯನ್ನು ಲೋಕಸಭೆಯ ಜೊತೆ ನಡೆಸಲಾಗದೆಂದು ಆಯೋಗಕ್ಕೆ ತೋರಿದರೆ, ಅದನ್ನು ಮುಂದೂಡುವಂತೆ ರಾಷ್ಟ್ರಪತಿಯವರಿಗೆ ಶಿಫಾರಸು ಮಾಡುವ ಅಧಿಕಾರವನ್ನೂ ಮಸೂದೆ ಕೊಡುತ್ತದೆ; ಆಗ ರಾಜ್ಯದ ಚುನಾವಣೆಯ ಕಾಲವನ್ನು ನಿರ್ಧರಿಸುವುದರಲ್ಲಿ ಆ ರಾಜ್ಯದ ಮುಖ್ಯಮಂತ್ರಿಗಾಗಲಿ ಸದನಕ್ಕಾಗಲಿ ಪಾತ್ರವೇ ಇರದು. ಮಸೂದೆ ಹೊಸದಾಗಿ 82ಎ ವಿಧಿಯನ್ನು ಸೇರಿಸುತ್ತದೆ. 83, 172, 327ನೇ ವಿಧಿಗಳನ್ನು ತಿದ್ದುತ್ತದೆ. ವಿಸರ್ಜನೆಯ ಅಧಿಕಾರ ಇರುವ 85ನೇ ವಿಧಿಯನ್ನೂ 174ನೇ ವಿಧಿಯನ್ನೂ ಅದು ಮುಟ್ಟಿಲ್ಲ.