ಅಡ್ಮಿನ್ ಪ್ಯಾನೆಲ್‌ನ ಬೀಗ: ಟ್ವಿಟರ್‌ನಲ್ಲಿ 2009ರಿಂದ 2020ರವರೆಗೆ

2009ರ ಜನವರಿಯಲ್ಲಿ ಬರಾಕ್ ಒಬಾಮ ಅವರ ಟ್ವಿಟರ್ ಖಾತೆ ಇದ್ದಕ್ಕಿದ್ದಂತೆ 500 ಡಾಲರ್ ಮೌಲ್ಯದ ಪೆಟ್ರೋಲ್ ಗೆಲ್ಲುವ ಆಮಿಷ ಒಡ್ಡಿತು. ಒಬಾಮ ಅವರ ಪಾಸ್‌ವರ್ಡ್ ಯಾರೂ ಊಹಿಸಿರಲಿಲ್ಲ. 18ರ ಹುಡುಗನೊಬ್ಬ ಟ್ವಿಟರ್ ಉದ್ಯೋಗಿಯೊಬ್ಬರ ಖಾತೆಯ ಮೇಲೆ, ನಿಘಂಟಿನ ಪದಗಳನ್ನು ಒಂದೊಂದಾಗಿ ಹಾಕಿ ನೋಡುವ ಪ್ರೋಗ್ರಾಂ ಓಡಿಸಿ ಮಲಗಿದ್ದ. ಬೆಳಗಾಗುವಷ್ಟರಲ್ಲಿ ‘ಹ್ಯಾಪಿನೆಸ್’ ಎಂಬ ಪದ ಹೊಂದಿಕೊಂಡಿತ್ತು. ಆ ಖಾತೆಗೆ ಅಡ್ಮಿನ್ ಅಧಿಕಾರ, ಅಂದರೆ ಬೇರೆಯವರ ಖಾತೆಗಳನ್ನೂ ಒಳಗಿನಿಂದ ನಿರ್ವಹಿಸುವ ಅಧಿಕಾರವಿತ್ತು. ಅಲ್ಲಿಂದ ಯಾರ ಪಾಸ್‌ವರ್ಡನ್ನಾದರೂ ರೀಸೆಟ್ ಮಾಡಬಹುದಿತ್ತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಇನ್ನೊಬ್ಬ ಒಳನುಗ್ಗಿದ. ಉದ್ಯೋಗಿಯೊಬ್ಬರ ಖಾಸಗಿ ಇಮೇಲ್‌ನಲ್ಲಿ ಹಳೆಯ ಪಾಸ್‌ವರ್ಡ್‌ಗಳು ಹಾಗೇ ಬಿದ್ದಿದ್ದವು. ಅಡ್ಮಿನ್ ಪಾಸ್‌ವರ್ಡ್ ಅವುಗಳನ್ನೇ ಹೋಲುತ್ತಿತ್ತು.

ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಟ್ವಿಟರ್ ಮೇಲೆ ಹೊರಿಸಿದ ಆರೋಪಗಳ ಪಟ್ಟಿಯನ್ನು ಅಡ್ಮಿನ್ ಪ್ಯಾನೆಲ್ (ಸಿಬ್ಬಂದಿ ಬಳಸುವ ನಿರ್ವಹಣಾ ಪುಟ) ನೋಡಿಕೊಳ್ಳುವವರು ಇಂದಿಗೂ ಚೆಕ್‌ಲಿಸ್ಟ್ ಆಗಿ ಬಳಸಬಹುದು. ಎಷ್ಟು ಸಲ ತಪ್ಪಿದರೂ ಲಾಗಿನ್ ನಿಲ್ಲುತ್ತಿರಲಿಲ್ಲ. ಸಾರ್ವಜನಿಕರೂ ಅಡ್ಮಿನ್‌ಗಳೂ ಒಂದೇ ಲಾಗಿನ್ ಪುಟದಿಂದ ಒಳಬರುತ್ತಿದ್ದರು. ಇಂಥ ಐಪಿ ವಿಳಾಸಗಳಿಂದ (ಇಂಟರ್ನೆಟ್‌ನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮಾತ್ರ ಪ್ರವೇಶ ಎಂಬ ಕಟ್ಟುಪಾಡಿರಲಿಲ್ಲ. ಮೂರು ವರ್ಷ ಕಾಲ ಬಹುತೇಕ ಎಲ್ಲ ಉದ್ಯೋಗಿಗಳಿಗೂ ಅಡ್ಮಿನ್ ಅಧಿಕಾರ ಸಿಕ್ಕಿತ್ತು.

ಇವನ್ನು ಸರಿಪಡಿಸುವಾಗ ಎಡವುವ ಜಾಗಗಳಿವೆ. ಐದು ಸಲ ತಪ್ಪಿದರೆ ಖಾತೆಯನ್ನೇ ಲಾಕ್ ಮಾಡಿದರೆ, ಬೇಕೆಂದೇ ಐದು ಸಲ ತಪ್ಪು ಹಾಕಿ ಅಡ್ಮಿನ್‌ನನ್ನೇ ಹೊರಗಿಡಬಹುದು. ಪ್ರತಿ ತಪ್ಪಿಗೂ ಕಾಯುವ ಸಮಯ ಹೆಚ್ಚಿಸುತ್ತಾ, ಖಾತೆಯ ಜೊತೆಗೆ ಐಪಿ ಲೆಕ್ಕವನ್ನೂ ಇಡುವುದು ಮೇಲು. ಲಾಗಿನ್ ಪುಟದ ವಿಳಾಸ ಬದಲಿಸಿದರೆ ತಾವಾಗಿಯೇ ಓಡುವ ಪ್ರೋಗ್ರಾಂಗಳಾದ ಬಾಟ್‌ಗಳ ಕಾಟ ತಗ್ಗುತ್ತದೆ, ಅಷ್ಟೇ. ವಿಪಿಎನ್ (ಕಂಪನಿಯ ಜಾಲಕ್ಕೆ ಹೊರಗಿನಿಂದ ಸೇರುವ ಸುರಕ್ಷಿತ ದಾರಿ) ಇಲ್ಲದೆ ಪುಟವೇ ತೆರೆಯದಂತೆ ಮಾಡಿದರೆ ಮಾತು ಬೇರೆ.

ಆದರೆ ವಿಪಿಎನ್ ಹೆಸರಿನಲ್ಲೇ 2020ರ ಜುಲೈ 15ರ ದಾಳಿ ನಡೆಯಿತು. ಕೋವಿಡ್ ಕಾಲ, ಎಲ್ಲರೂ ಮನೆಯಿಂದ ಕೆಲಸ. ‘ಐಟಿ ವಿಭಾಗದಿಂದ, ನಿಮ್ಮ ವಿಪಿಎನ್ ತೊಂದರೆ ಬಗ್ಗೆ’ ಎಂದು ಉದ್ಯೋಗಿಗಳಿಗೆ ಫೋನ್ ಬಂತು. ಕೊಟ್ಟ ಲಿಂಕ್ ನಕಲಿ ಪುಟದ್ದು. ಅಲ್ಲಿ ಟೈಪ್ ಮಾಡಿದ್ದನ್ನು ವಂಚಕರು ಆ ಕ್ಷಣವೇ ಅಸಲಿ ಪುಟಕ್ಕೆ ಹಾಕಿದರು. ಎರಡನೇ ಹಂತದ ದೃಢೀಕರಣದ ಕೋರಿಕೆಗೆ ಕೆಲವರು ತಾವೇ ಒಪ್ಪಿಗೆ ಕೊಟ್ಟರು. 130 ಖಾತೆಗಳಿಗೆ ಗುರಿಯಿಟ್ಟು, 45ರಿಂದ ಟ್ವೀಟ್ ಮಾಡಿ, 1 ಲಕ್ಷ ಡಾಲರ್‌ಗೂ ಮೀರಿದ ಬಿಟ್‌ಕಾಯಿನ್ ಬಾಚಿದರು. ಒಬಾಮ ಖಾತೆ ಈ ಸಲವೂ ಪಟ್ಟಿಯಲ್ಲಿತ್ತು.

ಒಟಿಪಿ ಇಲ್ಲಿ ಕೆಲಸಕ್ಕೆ ಬಾರದು. ಪಾಸ್‌ವರ್ಡ್ ದಾಟಿಸಿದ ಹಾಗೆ ಅದನ್ನೂ ದಾಟಿಸಬಹುದು. ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ಸಾಧನ ಯುಎಸ್‌ಬಿ ಸೆಕ್ಯುರಿಟಿ ಕೀ ಹಾಗಲ್ಲ: ನೋಂದಾಯಿಸಿದ ಡೊಮೇನ್‌ಗೆ (ವೆಬ್‌ಸೈಟ್ ವಿಳಾಸಕ್ಕೆ) ಮಾತ್ರ ಅದು ಉತ್ತರಿಸುತ್ತದೆ, ನಕಲಿ ಪುಟ ಎಷ್ಟೇ ಅಚ್ಚುಕಟ್ಟಾಗಿದ್ದರೂ ಸುಮ್ಮನಿರುತ್ತದೆ. ಟ್ವಿಟರ್ ಆಮೇಲೆ ಸಿಬ್ಬಂದಿಗೆ ಕೊಟ್ಟಿದ್ದೂ ಇದನ್ನೇ. ಪ್ರತಿ ಅಡ್ಮಿನ್‌ಗೆ ಎರಡು ಕೀ ನೋಂದಾಯಿಸಿ, ಒಂದನ್ನು ಬೀರುವಿನಲ್ಲಿಡಿ. ಇರುವ ಒಂದೂ ಕಳೆದರೆ ಜನ ಮತ್ತೆ ಒಟಿಪಿಗೇ ಜಾರುತ್ತಾರೆ.

ಇನ್ನು ಅಧಿಕಾರ ಹಂಚಿಕೆ. ದಾಳಿಯ ಹೊತ್ತಿಗೆ 1,000ಕ್ಕೂ ಹೆಚ್ಚು ಜನರಿಗೆ ಒಳಗಿನ ಟೂಲ್‌ಗಳ ಪ್ರವೇಶವಿತ್ತು. ಪಾಸ್‌ವರ್ಡ್ ರೀಸೆಟ್ ಕೊಂಡಿ ಹೋಗುವುದು ಖಾತೆಗೆ ಜೋಡಿಸಿದ ಇಮೇಲ್‌ಗೆ; ಅದನ್ನು ಒಳಗಿನವರು ಬದಲಿಸಬಹುದಾದರೆ ಖಾತೆದಾರ ಹಾಕಿಕೊಂಡ ಬೀಗಕ್ಕೆ ಬೆಲೆಯಿಲ್ಲ. ಇಮೇಲ್ ಬದಲಿಸುವ ಆ ಒಂದು ಬಟನ್‌ಗೆ ಇಬ್ಬರ ಒಪ್ಪಿಗೆ ಕಡ್ಡಾಯ ಮಾಡಿ, ಬದಲಾವಣೆಯ ಸೂಚನೆಯನ್ನು ಹಳೆಯ ಇಮೇಲ್‌ಗೂ ಕಳಿಸಬೇಕು.